ಕಾರಿನೊಳಗಿನ ಬಣ್ಣದ ಬೆಳಕು, ತಾನಾಗಿ ಮಂದವಾಗುವ ಕನ್ನಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಐಷಾರಾಮಿ ಕಾರು ಕೊಂಡವರು ಮೊದಲ ವಾರದಲ್ಲೇ ಸೀಟಿನ ಮಸಾಜು, ಸ್ಪೀಕರ್, ದೊಡ್ಡ ಪರದೆ ಎಲ್ಲವನ್ನೂ ಮುಟ್ಟಿ ನೋಡಿರುತ್ತಾರೆ. ಒಳಗಿನ ಬಣ್ಣದ ಬೆಳಕು ಮಾತ್ರ ಶೋರೂಮಿನಲ್ಲಿ ಇಟ್ಟುಕೊಟ್ಟ ಪ್ರಖರತೆಯಲ್ಲೇ ಉಳಿದಿರುತ್ತದೆ. ಕನ್ನಡಿಯ ಕೆಳಗಿನ ಚಿಕ್ಕ ಗುಂಡಿ ಯಾತಕ್ಕೆ ಎಂದು ಹೆಚ್ಚಿನವರು ಕೇಳುವುದೇ ಇಲ್ಲ. ರಾತ್ರಿ ಓಡಿಸುವಾಗ ಕಣ್ಣು ಎಷ್ಟು ದಣಿಯುತ್ತದೆ ಎನ್ನುವುದರಲ್ಲಿ ಈ ಎರಡಕ್ಕೂ ದೊಡ್ಡ ಪಾಲಿದೆ. ಹಾಗಾಗಿ ಎರಡನ್ನೂ ಒಂದೇ ಕಡೆ ಇಟ್ಟು ಉತ್ತರಿಸಿದ್ದೇನೆ.

ಅಲಂಕಾರದ ದೀಪಕ್ಕೂ ಹಿನ್ನೋಟದ ಕನ್ನಡಿಗೂ ಏನು ಸಂಬಂಧ?

ಎರಡೂ ಒಂದೇ ಕಣ್ಣಿಗೆ ಬೆಳಕು ಕಳಿಸುತ್ತವೆ. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಸಮಯ ಬೇಕು. ಬಣ್ಣ ಗುರುತಿಸುವ ಶಂಕುಕೋಶಗಳು ಸುಮಾರು 10 ನಿಮಿಷದಲ್ಲಿ ಹೊಂದಿಕೊಳ್ಳುತ್ತವೆ. ಮಸುಕು ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ 20ರಿಂದ 30 ನಿಮಿಷ ಹಿಡಿಯುತ್ತದೆ. ಇಷ್ಟು ನಿಧಾನವಾಗಿ ಗಳಿಸಿದ ಶಕ್ತಿಯನ್ನು ಹಿಂದಿನ ವಾಹನದ ಹೈ ಬೀಮ್ ಕ್ಷಣದಲ್ಲಿ ಕಸಿದುಕೊಳ್ಳುತ್ತದೆ. ಕನ್ನಡಿ ಮಂದವಾಗುವುದು ಅದನ್ನು ತಡೆಯಲಿಕ್ಕೆ. ಆದರೆ ಡ್ಯಾಶ್‌ಬೋರ್ಡಿನ ಉದ್ದಕ್ಕೂ ನೀಲಿ ಪಟ್ಟಿ ಪೂರ್ತಿ ಪ್ರಖರತೆಯಲ್ಲಿ ಉರಿಯುತ್ತಿದ್ದರೆ, ಕನ್ನಡಿ ಉಳಿಸಿಕೊಟ್ಟದ್ದನ್ನು ದೀಪ ಕಳೆಯುತ್ತದೆ. ಒಂದನ್ನು ಸರಿಪಡಿಸಿ ಇನ್ನೊಂದನ್ನು ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ.

ಒಳಗಿನ ಬೆಳಕಿನ ಪ್ರಖರತೆ ಎಷ್ಟಿರಬೇಕು?

ಶೇಕಡಾವಾರು ಲೆಕ್ಕದಲ್ಲಿ ಉತ್ತರ ಹೇಳಲು ಬರುವುದಿಲ್ಲ. ಒಂದು ಕಾರಿನ 30 ಇನ್ನೊಂದರ 60ಕ್ಕೆ ಸಮವಾಗಿರಬಹುದು. ತಿಳಿ ಬಣ್ಣದ ಚರ್ಮದ ಒಳಾಂಗಣ ಕಪ್ಪು ಒಳಾಂಗಣಕ್ಕಿಂತ ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ. ಅಳೆಯುವ ಉಪಕರಣ ನಿಮ್ಮ ಕಣ್ಣೇ.

ನಾನು ಮಾಡುವುದು ಹೀಗೆ. ಬೀದಿದೀಪ ಇಲ್ಲದ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ, ಪರದೆಯನ್ನು ರಾತ್ರಿಯ ಬಣ್ಣಕ್ಕೆ ತಂದು, ಮೊಬೈಲ್ ಕೆಳಗಿಟ್ಟು 10 ನಿಮಿಷ ಸುಮ್ಮನೆ ಕುಳಿತುಕೊಳ್ಳುತ್ತೇನೆ. ಬಣ್ಣದ ಬೆಳಕನ್ನು ಪೂರ್ತಿ ಸೊನ್ನೆಗೆ ಇಳಿಸಿ, ಅಲ್ಲಿಂದ ಒಂದೊಂದೇ ಹಂತ ಏರಿಸುತ್ತೇನೆ. ಬಾಗಿಲಿನ ಹಿಡಿಕೆಯ ಅಂಚು, ಲೋಟ ಇಡುವ ಗುಳಿ, ಕಿಟಕಿಯ ಗುಂಡಿಗಳು ಎಲ್ಲಿವೆ ಎಂದು ತಿಳಿದ ಹಂತದಲ್ಲಿ ನಿಲ್ಲಿಸುತ್ತೇನೆ. ಅದಕ್ಕಿಂತ ಹೆಚ್ಚು ಬೇಕಿಲ್ಲ. ಸೊನ್ನೆಯಿಂದ ಮೇಲಕ್ಕೆ ಬರುವುದೇ ಇದರ ಗುಟ್ಟು. ನೂರರಿಂದ ಇಳಿಸುತ್ತ ಬಂದರೆ ಕಣ್ಣು ಮೊದಲೇ ಪ್ರಖರತೆಗೆ ಹೊಂದಿಕೊಂಡಿರುತ್ತದೆ, ಬೇಕಾದ್ದಕ್ಕಿಂತ ಬಹಳ ಮೇಲೆಯೇ ‘ಸಾಕು’ ಎನ್ನಿಸಿಬಿಡುತ್ತದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ತಲೆಯನ್ನು ಓಡಿಸುವ ಭಂಗಿಯಲ್ಲೇ ಇಟ್ಟುಕೊಂಡು ಮುಂದಿನ ಗಾಜಿನ ಕೆಳಭಾಗವನ್ನೂ ಎರಡೂ ಪಕ್ಕದ ಗಾಜುಗಳನ್ನೂ ನೋಡಿ. ನಾನು ಒಮ್ಮೆ ರಾತ್ರಿಯಿಡೀ ಓಡಿಸುತ್ತಿದ್ದಾಗ ಚಾಲಕನ ಬದಿಯ ಹೊರಗನ್ನಡಿಯಲ್ಲಿ ತೆಳ್ಳನೆಯ ಬಿಳಿ ಗೆರೆಯೊಂದು ನಿಂತೇ ಇತ್ತು. ಗಾಜು ಒರೆಸಿದೆ, ಹೋಗಲಿಲ್ಲ. ಕನ್ನಡಿ ತಿರುಗಿಸಿದೆ, ಗೆರೆ ಇದ್ದಲ್ಲೇ ಇತ್ತು. ಕೊನೆಗೆ ಬಾಗಿಲಿನ ಮೇಲಂಚಿನ ದೀಪದ ಪಟ್ಟಿಯನ್ನು ಅಂಗೈಯಿಂದ ಮುಚ್ಚಿದಾಗ ಗೆರೆ ಮಾಯವಾಯಿತು. ಅದು ಕನ್ನಡಿಯಲ್ಲಿ ಇರಲೇ ಇಲ್ಲ. ದೀಪದ ಪಟ್ಟಿ ಪಕ್ಕದ ಗಾಜಿನಲ್ಲಿ ಪ್ರತಿಫಲಿಸಿ, ಕನ್ನಡಿ ಕಾಣುವ ಜಾಗಕ್ಕೇ ಸರಿಯಾಗಿ ಬೀಳುತ್ತಿತ್ತು. ಆ ಗೆರೆಯ ಹಿಂದೆ ಒಂದು ಬೈಕು ಪೂರ್ತಿ ಅಡಗಬಹುದಿತ್ತು. ಅಂದಿನಿಂದ ಬಾಗಿಲಿನ ದೀಪಗಳ ವಲಯವನ್ನು ಉಳಿದ ವಲಯಗಳಿಗಿಂತ ಎರಡು ಹಂತ ಕೆಳಗೇ ಇಟ್ಟುಕೊಂಡಿದ್ದೇನೆ. ಕೆಲವು ಕಾರುಗಳಲ್ಲಿ ವಲಯಗಳನ್ನು ಬೇರೆ ಬೇರೆಯಾಗಿ ಹೊಂದಿಸಲು ಬರುವುದಿಲ್ಲ. ಅಲ್ಲಿ ಬಾಗಿಲಿಗೆ ಯಾವ ಮಟ್ಟ ಒಪ್ಪುತ್ತದೆಯೋ ಅದನ್ನೇ ಎಲ್ಲದಕ್ಕೂ ಇಡಿ.

ರಾತ್ರಿ ಓಡಿಸಲು ಯಾವ ಬಣ್ಣ ಒಳ್ಳೆಯದು?

ಅಂಬರ್ (ಹಳದಿ ಬೆರೆತ ಕಿತ್ತಳೆ), ಕಿತ್ತಳೆ, ಕೆಂಪಿನತ್ತ ವಾಲುವ ಬಣ್ಣಗಳು, ಅವೂ ಮಂದವಾಗಿ. ದಂಡಕೋಶಗಳು ಸುಮಾರು 500 ನ್ಯಾನೋಮೀಟರ್ ತರಂಗಾಂತರದ ನೀಲಿ-ಹಸಿರು ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ, ಗಾಢ ಕೆಂಪನ್ನು ಬಹುತೇಕ ಗಮನಿಸುವುದೇ ಇಲ್ಲ. ಹಾಗಾಗಿ ಕೆಂಪಿನ ಬಳಿಯ ಬೆಳಕಿನಲ್ಲಿ ಕತ್ತಲ ನೋಟ ಕೆಡುವುದು ಕಡಿಮೆ. ಬಿಎಂಡಬ್ಲ್ಯೂ ಕಾರುಗಳ ಮೀಟರುಗಳು ದಶಕಗಳ ಕಾಲ ಕೆಂಪು ಮಿಶ್ರಿತ ಕಿತ್ತಳೆಯಲ್ಲಿ ಬೆಳಗುತ್ತಿದ್ದುದು ಈ ಕಾರಣಕ್ಕೆ ತುಂಬ ಹೊಂದುತ್ತಿತ್ತು.

ನೀಲಿ ನೋಡಲು ಚೆಂದ, ಜಾಹೀರಾತಿನ ಚಿತ್ರಗಳಲ್ಲಿ ಅದರದೇ ಮೇಲುಗೈ. ಆದರೆ ಕಣ್ಣೊಳಗೆ ನೀಲಿ ಬೆಳಕು ಹೆಚ್ಚು ಚದುರುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರದ ಸ್ಪಷ್ಟತೆ ಕಡಿಮೆಯಾಗುವುದರಿಂದ ಈ ಚದುರುವಿಕೆ ಇನ್ನಷ್ಟು ಕಾಡುತ್ತದೆ. ನೀಲಿಯೇ ಬೇಕೆನ್ನುವವರು ಅದನ್ನು ಕಾಲಿನ ಬಳಿಯ ದೀಪಗಳಿಗೆ ಇಟ್ಟುಕೊಂಡು ಡ್ಯಾಶ್‌ಬೋರ್ಡಿಗೆ ಬೆಚ್ಚನೆಯ ಬಣ್ಣ ಕೊಡಬಹುದು. ಎರಡು ಬಣ್ಣ ಜೋಡಿಸುವ ಸೌಲಭ್ಯ ಈಗ ಅನೇಕ ಕಾರುಗಳಲ್ಲಿ ಇದೆ.

ಶುದ್ಧ ಕೆಂಪನ್ನೂ ನಾನು ಕುರುಡಾಗಿ ಶಿಫಾರಸು ಮಾಡುವುದಿಲ್ಲ. ಕೆಂಪು ಎಂದರೆ ಎಚ್ಚರಿಕೆ ಎಂದು ನಮ್ಮ ಮನಸ್ಸು ಕಲಿತಿದೆ. ಒಳಗೆಲ್ಲ ಕೆಂಪು ತುಂಬಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ನಿಜವಾದ ಕೆಂಪು ಎಚ್ಚರಿಕೆ ಹೊತ್ತಿದಾಗ ಅದು ಎದ್ದು ಕಾಣುವುದಿಲ್ಲ. ಮಂದ ಅಂಬರ್ ಈ ಎರಡು ತೊಂದರೆಗಳ ನಡುವಿನ ಸುರಕ್ಷಿತ ದಾರಿ.

ಈ ಹೊಂದಾಣಿಕೆ ಮೆನುವಿನಲ್ಲಿ ಎಲ್ಲಿರುತ್ತದೆ?

ಸಾಮಾನ್ಯವಾಗಿ ಪರದೆಯಲ್ಲಿ ವಾಹನದ ಸೆಟ್ಟಿಂಗ್‌ಗಳ ಒಳಗೆ, ‘ಲೈಟ್’, ‘ಇಂಟೀರಿಯರ್ ಲೈಟಿಂಗ್’ ಅಥವಾ ‘ಆಂಬಿಯೆಂಟ್’ ಎಂಬ ಹೆಸರಿನಡಿ. ಧ್ವನಿ ಆಜ್ಞೆ ಇದ್ದರೆ ಬಣ್ಣದ ಹೆಸರು ಹೇಳಿದರೂ ಸಾಕಾಗುತ್ತದೆ. ಹಲವು ಕಾರುಗಳಲ್ಲಿ ಮೀಟರಿನ ಬೆಳಕು ಏರಿಳಿಸುವ ಚಿಕ್ಕ ಚಕ್ರವೊಂದು ಹೆಡ್‌ಲೈಟ್ ಸ್ವಿಚ್ಚಿನ ಬಳಿ ಇರುತ್ತದೆ. ಕೆಲವು ಮಾದರಿಗಳಲ್ಲಿ ಅದೇ ಚಕ್ರ ಬಣ್ಣದ ಬೆಳಕನ್ನೂ ಹಿಡಿತದಲ್ಲಿಟ್ಟುಕೊಂಡಿರುತ್ತದೆ. ಪರದೆಯಲ್ಲಿ ಎಷ್ಟು ಎಳೆದರೂ ಬೆಳಕು ಏರದಿದ್ದರೆ ಮೊದಲು ಆ ಚಕ್ರವನ್ನು ನೋಡಿ. ಹಗಲು ಹೊತ್ತಿನಲ್ಲಿ ಪ್ರಯತ್ನಿಸಿ ‘ಕೆಲಸ ಮಾಡುತ್ತಿಲ್ಲ’ ಎಂದುಕೊಳ್ಳುವುದೂ ಉಂಟು. ಹೆಡ್‌ಲೈಟ್ ಹೊತ್ತಿದ ಮೇಲಷ್ಟೇ ಈ ಬೆಳಕು ಬರುವಂತೆ ಮಾಡಿರುವ ಕಾರುಗಳು ಬಹಳ ಇವೆ.

ಓಡಿಸುತ್ತ ಮೆನು ಹುಡುಕಬೇಡಿ. ಇದು ನಿಂತಾಗ ಮಾಡುವ ಕೆಲಸ.

64 ಬಣ್ಣಗಳು ಎನ್ನುತ್ತಾರೆ. ಅಷ್ಟು ಬಗೆಯ ದೀಪಗಳಿವೆಯೇ?

ಇಲ್ಲ. ಒಂದೇ ಪುಟ್ಟ ಕವಚದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಎಲ್‌ಇಡಿಗಳಿರುತ್ತವೆ. ಅವುಗಳ ಪ್ರಮಾಣ ಬದಲಿಸಿದರೆ ಬಣ್ಣ ಬದಲಾಗುತ್ತದೆ. ಆ ಬೆಳಕು ಪಾರದರ್ಶಕ ಪ್ಲಾಸ್ಟಿಕ್ಕಿನ ಉದ್ದನೆಯ ಬೆಳಕುನಾಳದೊಳಗೆ ಹರಿದು, ದಾರಿಯುದ್ದಕ್ಕೂ ಸಮನಾಗಿ ಹೊರಸೂಸುತ್ತದೆ. ಎರಡು ನಾಳಗಳು ಸೇರುವ ಕಡೆ, ಅಂದರೆ ಡ್ಯಾಶ್‌ಬೋರ್ಡಿನ ಗೆರೆ ಬಾಗಿಲಿನ ಗೆರೆಯನ್ನು ಮುಟ್ಟುವ ಕಡೆ, ಬಣ್ಣ ಒಂದೇ ಆಗಿ ಕಂಡರೆ ಅದನ್ನು ಮಾಡಿದವರಿಗೆ ತಲೆಬಾಗಬೇಕು. ಅಲ್ಲಿ ಎಷ್ಟು ಶ್ರಮ ಅಡಗಿದೆ ಎಂಬುದು ಅಲ್ಲಿ ಬಣ್ಣ ಒಡೆದು ಕಂಡಾಗಲೇ ಗೊತ್ತಾಗುವುದು.

2013ರಲ್ಲಿ ಬಂದ ಮರ್ಸಿಡಿಸ್ ಎಸ್-ಕ್ಲಾಸ್ ಒಂದೂ ಬಲ್ಬ್ ಇಲ್ಲದೆ ಪೂರ್ತಿ ಎಲ್‌ಇಡಿ ಬೆಳಕಿನಲ್ಲಿ ಹೊರಟಿತು. ಅದರಲ್ಲಿ ಆಯ್ಕೆಗೆ ಇದ್ದದ್ದು 7 ಬಣ್ಣಗಳು. 2017ರ ಪರಿಷ್ಕರಣೆಯಲ್ಲಿ ಅದು 64ಕ್ಕೆ ಏರಿತು. ರೋಲ್ಸ್ ರಾಯ್ಸ್ ಬೇರೆಯೇ ದಾರಿ ಹಿಡಿಯಿತು: ವ್ರೇತ್ ಕಾರಿನ ಒಳಚಾವಣಿಯಲ್ಲಿ 1,340 ಬೆಳಕಿನ ಎಳೆಗಳನ್ನು ಚರ್ಮದ ರಂಧ್ರಗಳ ಮೂಲಕ ಕೈಯಿಂದಲೇ ಪೋಣಿಸಿ ನಕ್ಷತ್ರಗಳ ಆಕಾಶ ಮಾಡಿದರು. ಚಾಲಕನ ದೃಷ್ಟಿಯಿಂದ ನೋಡಿದರೆ ಈ ಚಾವಣಿ ಒಳ್ಳೆಯ ಯೋಚನೆ. ಬೆಳಕಿನ ಬಿಂದುಗಳು ತಲೆಯ ಮೇಲಿರುತ್ತವೆ, ರಸ್ತೆ ನೋಡುವ ಕಣ್ಣಿನ ನೇರಕ್ಕೆ ಬರುವುದಿಲ್ಲ.

ನಾನು ಮುಟ್ಟದೆಯೇ ಬಣ್ಣ ಬದಲಾಗುತ್ತದೆ. ದೋಷವೇ?

ಬಹುಮಟ್ಟಿಗೆ ಅಲ್ಲ. ಸ್ಪೋರ್ಟ್ ಮೋಡ್‌ಗೆ ಹೋದಾಗ ಕೆಂಪಾಗುವುದು, ಎಸಿಯ ಉಷ್ಣಾಂಶ ಏರಿಸಿದಾಗ ಕ್ಷಣಕಾಲ ಕೆಂಪು, ಇಳಿಸಿದಾಗ ನೀಲಿ ಮಿಂಚುವುದು, ಬಾಗಿಲು ತೆಗೆದಾಗ ಸ್ವಾಗತದ ಅಲೆಯೊಂದು ಹರಿಯುವುದು, ಇವೆಲ್ಲ ಬೇಕೆಂದೇ ಮಾಡಿದವು. ಬೇಡವಾದರೆ ಇವುಗಳಲ್ಲಿ ಹೆಚ್ಚಿನವನ್ನು ಮೆನುವಿನಲ್ಲಿ ಒಂದೊಂದಾಗಿ ನಿಲ್ಲಿಸಬಹುದು.

ಒಂದನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಡಿ. 2020ರಲ್ಲಿ ಬಂದ ಎಸ್-ಕ್ಲಾಸಿನಂಥ ಕಾರುಗಳಲ್ಲಿ ಬಣ್ಣದ ಬೆಳಕು ಸುರಕ್ಷತಾ ವ್ಯವಸ್ಥೆಯ ಜೊತೆ ಜೋಡಣೆಯಾಗಿದೆ. ಪಕ್ಕದಲ್ಲಿ ಕಾಣದ ಜಾಗದಲ್ಲಿ ವಾಹನವಿದ್ದರೆ ಅಥವಾ ನಿಂತ ಕಾರಿನ ಬಾಗಿಲು ತೆರೆಯುವಾಗ ಹಿಂದಿನಿಂದ ಸೈಕಲ್ಲು ಬರುತ್ತಿದ್ದರೆ ಆ ಬದಿಯ ದೀಪ ಕೆಂಪಾಗುತ್ತದೆ. ಹಿಂದೆ ಮಕ್ಕಳು ಕುಳಿತಿದ್ದಾಗ ಇದರಷ್ಟು ಬೇಗ ಅರ್ಥವಾಗುವ ಎಚ್ಚರಿಕೆ ಇನ್ನೊಂದಿಲ್ಲ. ‘ಬಾಗಿಲು ಕೆಂಪಾದರೆ ತೆರೆಯಬಾರದು’ ಎಂದು ಒಮ್ಮೆ ಹೇಳಿಕೊಟ್ಟರೆ ಐದು ವರ್ಷದ ಮಗುವೂ ನೆನಪಿಟ್ಟುಕೊಳ್ಳುತ್ತದೆ. ಇಂಥ ಕಾರಿನಲ್ಲಿ ಸದಾ ಕೆಂಪು ಬಣ್ಣ ಇಟ್ಟುಕೊಳ್ಳದಿರಲು ಇದೂ ಒಂದು ಕಾರಣ.

ಮನೆಯಲ್ಲಿ ಇಬ್ಬರು ಓಡಿಸುತ್ತೇವೆ. ಪ್ರತಿಸಲವೂ ಬದಲಿಸಬೇಕೇ?

ಬೇಡ. ಇಬ್ಬರಿಗೂ ಬೇರೆ ಬೇರೆ ಪ್ರೊಫೈಲ್ ಮಾಡಿ, ಕೀಲಿಗೆ ಅಥವಾ ಮೊಬೈಲಿಗೆ ಜೋಡಿಸಿ. ಸೀಟು, ಹೊರಗನ್ನಡಿಗಳ ಕೋನ, ಬಣ್ಣ, ಪ್ರಖರತೆ ಒಟ್ಟಿಗೆ ಉಳಿಯುತ್ತವೆ. ಒಳಗಿನ ಹಿನ್ನೋಟದ ಕನ್ನಡಿ ಮಾತ್ರ ಸಾಮಾನ್ಯವಾಗಿ ಕೈಯಲ್ಲೇ ತಿರುಗಿಸುವಂಥದ್ದು, ಅದನ್ನು ಮರೆಯಬೇಡಿ. ಹೊಂದಿಸಿದ್ದು ಮರುದಿನ ಹೋಗಿಬಿಟ್ಟಿದ್ದರೆ ನೀವು ‘ಅತಿಥಿ’ ಪ್ರೊಫೈಲಿನಲ್ಲಿ ಬದಲಿಸಿರುವ ಸಾಧ್ಯತೆಯೇ ಹೆಚ್ಚು.

ಮೊಬೈಲಿನಲ್ಲಿ ವಿಡಿಯೋ ತೆಗೆದರೆ ದೀಪ ಮಿನುಗುತ್ತದೆ. ಕೆಟ್ಟಿದೆಯೇ?

ಇಲ್ಲ. ಎಲ್‌ಇಡಿಯ ಪ್ರಖರತೆ ಇಳಿಸಲು ಅದನ್ನು ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸುತ್ತಾರೆ. ಕಣ್ಣಿಗೆ ಅದು ಒಂದೇ ಸಮ, ಕ್ಯಾಮೆರಾಗೆ ಪಟ್ಟಿ ಪಟ್ಟಿ. ಬರಿಗಣ್ಣಿಗೇ ಮಿನುಗು ಕಂಡರೆ ಮಾತ್ರ ತೋರಿಸಬೇಕು.

ಒಂದು ಬಾಗಿಲಿನ ದೀಪ ಉರಿಯುತ್ತಿಲ್ಲ, ಅಥವಾ ಬೇರೆ ಬಣ್ಣದಲ್ಲಿದೆ. ಏಕೆ?

ಈ ದೀಪಗಳು ಹೆಚ್ಚಾಗಿ ಲಿನ್ ಎಂಬ ಸರಳ ಸಂಪರ್ಕ ಜಾಲದಲ್ಲಿ ಒಂದೇ ತಂತಿಯ ಮೇಲೆ ಆಜ್ಞೆ ಪಡೆಯುತ್ತವೆ. ಪ್ರತಿ ದೀಪಕ್ಕೂ ತನ್ನದೇ ವಿಳಾಸ ಇರುತ್ತದೆ. ಒಂದು ಮಾತ್ರ ಸತ್ತಿದ್ದರೆ ಆ ದೀಪದ ಘಟಕ ಅಥವಾ ಅದರ ಕನೆಕ್ಟರ್ ಕಾರಣ. ಒಂದು ಬದಿ ಪೂರ್ತಿ ಹೋಗಿದ್ದರೆ ಬಾಗಿಲಿನ ಕೀಲಿನ ಬಳಿ ತಂತಿ ಬಾಗಿ ಬಾಗಿ ತುಂಡಾಗಿರಬಹುದು. ಬಣ್ಣ ತಪ್ಪಾಗಿದ್ದರೆ ಮೂರು ಎಲ್‌ಇಡಿಗಳಲ್ಲಿ ಒಂದು ಹೋಗಿದೆ ಎಂದರ್ಥ: ಬಿಳಿ ಕೇಳಿದಾಗ ನೇರಳೆ ಬಂದರೆ ಹಸಿರು ಸತ್ತಿದೆ, ಹಳದಿ ಬಂದರೆ ನೀಲಿ ಸತ್ತಿದೆ. ಸರ್ವಿಸ್ ಕೇಂದ್ರಕ್ಕೆ ಹೋಗುವ ಮುನ್ನ ಬಿಳಿ ಬಣ್ಣ ಇಟ್ಟು ಒಂದು ಚಿತ್ರ ತೆಗೆದುಕೊಳ್ಳಿ. ನಿಮ್ಮ ಅರ್ಧ ಮಾತು ಉಳಿಯುತ್ತದೆ. ಬ್ಯಾಟರಿ ಬದಲಿಸಿದ ಮೇಲೆ ಎಲ್ಲವೂ ಒಟ್ಟಿಗೆ ಹೋಗಿದ್ದರೆ ಸೆಟ್ಟಿಂಗ್ ಮೂಲಸ್ಥಿತಿಗೆ ಮರಳಿರುವುದೇ ಕಾರಣವಾಗಿರಬಹುದು, ಮೊದಲು ಮೆನು ನೋಡಿ.

ಬ್ಯಾಟರಿ ಖಾಲಿಯಾಗುತ್ತದೆಯೇ?

ಓಡುತ್ತಿರುವಾಗ ಆ ಚಿಂತೆ ಬೇಡ, ಹೆಡ್‌ಲೈಟಿನ ಮುಂದೆ ಇದರ ಬಳಕೆ ಲೆಕ್ಕಕ್ಕಿಲ್ಲ. ಕಾರಿಗೆ ಬೀಗ ಹಾಕಿದ ಸ್ವಲ್ಪ ಹೊತ್ತಿನಲ್ಲಿ ದೀಪ ತಾನಾಗಿ ಆರುತ್ತದೆ. ಬ್ಯಾಟರಿ ಸೊರಗಿದ್ದರೆ ಕಾರು ಮೊದಲು ಕಡಿತಗೊಳಿಸುವುದು ಇಂಥ ಸೌಕರ್ಯಗಳನ್ನೇ. ಹಾಗಾಗಿ ಬಣ್ಣದ ದೀಪ ಕಾರಣವಿಲ್ಲದೆ ಆರತೊಡಗಿದರೆ ಬ್ಯಾಟರಿಯನ್ನೂ ಒಮ್ಮೆ ಪರೀಕ್ಷಿಸಿ.

ಹೊರಗಿನಿಂದ ಬಣ್ಣದ ದೀಪದ ಕಿಟ್ ಹಾಕಿಸಬಹುದೇ?

ನನ್ನ ಸಲಹೆ: ಐಷಾರಾಮಿ ಕಾರಿನಲ್ಲಿ ಬೇಡ. ಮುಂದಿನ ಗಾಜಿನ ಪಕ್ಕದ ಕಂಬಗಳೊಳಗೆ ಮತ್ತು ಚಾವಣಿಯ ಅಂಚಿನಲ್ಲಿ ಪರದೆಯಂಥ ಏರ್‌ಬ್ಯಾಗ್ ಮಡಚಿ ಇಟ್ಟಿರುತ್ತದೆ. ಅದು ಬಿಚ್ಚಿಕೊಳ್ಳುವ ದಾರಿಯಲ್ಲಿ ಅಂಟಿಸಿದ ಪಟ್ಟಿಯಾಗಲಿ ತಂತಿಯಾಗಲಿ ಇರಬಾರದು. ಅಪಘಾತದ ಆ ಕ್ಷಣದಲ್ಲಿ ಅದು ಏರ್‌ಬ್ಯಾಗಿಗೆ ಅಡ್ಡ ಬರುತ್ತದೆ, ಇಲ್ಲವೇ ಹಾರಿ ಮುಖಕ್ಕೆ ಬಡಿಯುತ್ತದೆ. ಹಾಕಿಸಲೇಬೇಕೆಂದರೆ ಕಾಲಿನ ಬಳಿ ಮಾತ್ರ ಇರಲಿ, ಪ್ರತ್ಯೇಕ ಫ್ಯೂಸ್ ಇರಲಿ, ಕಾರಿನ ಮೂಲ ತಂತಿಯ ಸಿಪ್ಪೆ ಸುಲಿದು ಜೋಡಿಸಲು ಯಾರಿಗೂ ಬಿಡಬೇಡಿ.

ಕನ್ನಡಿ ತಾನಾಗಿ ಮಂದವಾಗುವುದು ಹೇಗೆ?

ಹಳೆಯ ಕನ್ನಡಿಯಿಂದ ಶುರು ಮಾಡೋಣ. ಕೆಳಗೆ ಪುಟ್ಟ ನಾಲಗೆಯಿದ್ದ ಆ ಕನ್ನಡಿಯ ಗಾಜು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹಗಲಲ್ಲಿ ಹಿಂಬದಿಯ ಬೆಳ್ಳಿಲೇಪ ಪ್ರತಿಫಲಿಸುತ್ತದೆ. ನಾಲಗೆ ಎಳೆದರೆ ಬೆಳ್ಳಿಲೇಪ ಚಾವಣಿಯನ್ನು ನೋಡುತ್ತದೆ, ನಮ್ಮ ಕಣ್ಣಿಗೆ ಗಾಜಿನ ಮುಂಬದಿಯಿಂದ ಸುಮಾರು ಶೇ 4ರಷ್ಟು ಬೆಳಕು ಮಾತ್ರ ಬರುತ್ತದೆ. ಬಹಳ ಜಾಣ ಉಪಾಯ. ಆದರೆ ಅಲ್ಲಿ ಇರುವುದು ಎರಡೇ ಸ್ಥಿತಿ, ಬದಲಿಸಲು ಕೈಯೂ ಬೇಕು.

ತಾನಾಗಿ ಮಂದವಾಗುವ ಕನ್ನಡಿಯಲ್ಲಿ ಎರಡು ಗಾಜುಗಳಿವೆ. ಒಳಮೈಗೆ ವಿದ್ಯುತ್ ಹರಿಯುವ ತೆಳುಲೇಪ, ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಒಂದು ಜೆಲ್. ಒಂದು ವೋಲ್ಟಿಗಿಂತ ಸ್ವಲ್ಪ ಹೆಚ್ಚಿನ ವಿದ್ಯುತ್ ಕೊಟ್ಟರೆ ಜೆಲ್‌ನಲ್ಲಿನ ಅಣುಗಳು ಎಲೆಕ್ಟ್ರಾನು ಪಡೆದು, ಕಳೆದುಕೊಂಡು ಬಣ್ಣ ತಳೆಯುತ್ತವೆ. ವಿದ್ಯುತ್ ತೆಗೆದರೆ ಮತ್ತೆ ತಿಳಿಯಾಗುತ್ತವೆ. ಫ್ಯೂಸ್ ಹೋದರೂ ಕನ್ನಡಿ ಕಪ್ಪಾಗಿ ಉಳಿಯುವುದಿಲ್ಲ, ಸಾಮಾನ್ಯ ಕನ್ನಡಿಯಾಗಿ ಉಳಿಯುತ್ತದೆ. ಇದರ ನಿಜವಾದ ಸೊಗಸು ಇಲ್ಲಿದೆ ಎನ್ನುತ್ತೇನೆ. ಬೋಯಿಂಗ್ 787 ವಿಮಾನದ ಕಿಟಕಿಗಳು ಗುಂಡಿ ಒತ್ತಿದರೆ ಕಪ್ಪಾಗುವುದೂ ಇದೇ ತತ್ತ್ವದಿಂದ.

ಈ ಕನ್ನಡಿಯನ್ನು ಬಳಕೆಗೆ ತಂದದ್ದರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಜೆಂಟೆಕ್ಸ್ ಕಂಪನಿಯ ಪಾತ್ರ ದೊಡ್ಡದು. 1974ರಲ್ಲಿ ಹೊಗೆ ಪತ್ತೆ ಉಪಕರಣಗಳೊಂದಿಗೆ ಆರಂಭವಾದ ಸಂಸ್ಥೆ ಅದು. 1982ರಲ್ಲಿ ಮೋಟಾರಿನಿಂದ ತಾನಾಗಿ ವಾಲುವ ಕನ್ನಡಿ, 1987ರಲ್ಲಿ ಈ ಜೆಲ್ ಬಗೆಯ ಕನ್ನಡಿ ತಂದಿತು. ಹೊಗೆಯನ್ನು ಬೆಳಕಿನಿಂದ ಅಳೆಯಬಲ್ಲವರು ಹೆಡ್‌ಲೈಟನ್ನೂ ಅಳೆದದ್ದು ಸಹಜವೇ.

ಎಷ್ಟರವರೆಗೆ ಮಂದವಾಗಬಹುದು ಎಂಬುದಕ್ಕೂ ನಿಯಮ ಇದೆ. ವಿಶ್ವಸಂಸ್ಥೆಯ ವಾಹನ ನಿಯಮ 46ರ ಪ್ರಕಾರ ಸಾಮಾನ್ಯ ಸ್ಥಿತಿಯಲ್ಲಿ ಪ್ರತಿಫಲನ ಶೇ 40ಕ್ಕಿಂತ, ರಾತ್ರಿ ಸ್ಥಿತಿಯಲ್ಲಿ ಶೇ 4ಕ್ಕಿಂತ ಕಡಿಮೆಯಾಗಬಾರದು.

ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಎರಡು ನಿಮಿಷದ ಕೆಲಸ. ಕನ್ನಡಿಗೆ ಎರಡು ಬೆಳಕಿನ ಸೆನ್ಸರ್‌ಗಳಿವೆ: ಬೆನ್ನಿನಲ್ಲಿ ಮುಂದಿನ ಗಾಜಿನತ್ತ ನೋಡುವುದೊಂದು, ನಮ್ಮ ಕಡೆಗೆ ಹಿಂದಿನ ಗಾಜಿನತ್ತ ನೋಡುವುದೊಂದು. ಸುತ್ತ ಕತ್ತಲಿದ್ದು ಹಿಂದಿನಿಂದ ಬೆಳಕು ಬಂದರೆ ಮಾತ್ರ ಕನ್ನಡಿ ಮಂದವಾಗುತ್ತದೆ.

ಕಾರು ನಿಲ್ಲಿಸಿ, ಇಗ್ನಿಷನ್ ಆನ್ ಮಾಡಿ, ಗೇರನ್ನು ಪಾರ್ಕಿನಲ್ಲಿಡಿ. ಒಳಚಾವಣಿಯ ದೀಪ ಆರಿಸಿ. ಕನ್ನಡಿಯ ಬೆನ್ನಿನ ಸೆನ್ಸರನ್ನು ಹೆಬ್ಬೆರಳಿನಿಂದ ಪೂರ್ತಿ ಮುಚ್ಚಿ, ನಿಮ್ಮ ಕಡೆಯ ಸೆನ್ಸರಿಗೆ ಮೊಬೈಲಿನ ಟಾರ್ಚ್ ಹಿಡಿಯಿರಿ. ಮೊದಲ ಕ್ಷಣ ಏನೂ ಆಗದು. ಆಮೇಲೆ ಅಂಚುಗಳಲ್ಲಿ ಮಸಿ ಇಳಿದಂತೆ ನೀಲಿ-ಹಸಿರು ನೆರಳೊಂದು ಹುಟ್ಟುತ್ತದೆ, ನಾಲ್ಕೂ ಕಡೆಯಿಂದ ನಡುವಿನತ್ತ ಹರಡುತ್ತದೆ. ವಿದ್ಯುತ್ ಅಂಚಿನಿಂದ ಪ್ರವೇಶಿಸುವುದರಿಂದ ಹೀಗೆ. ಟಾರ್ಚ್ ತೆಗೆಯಿರಿ, ಕೆಲವು ಸೆಕೆಂಡುಗಳಲ್ಲಿ ಕನ್ನಡಿ ನಿಧಾನವಾಗಿ ತಿಳಿಯಾಗುತ್ತದೆ. ಕೊರೆಯುವ ಚಳಿಯಲ್ಲಿ ಇದು ಇನ್ನೂ ನಿಧಾನ. ಕನ್ನಡಿಯ ಕೆಳಗೆ ಗುಂಡಿ ಇದ್ದರೆ ಅದರ ಪಕ್ಕದ ಹಸಿರು ಚುಕ್ಕೆ ಹೊತ್ತಿದೆಯೇ ನೋಡಿಕೊಳ್ಳಿ. ಗುಂಡಿಯೇ ಇಲ್ಲದ ಕಾರುಗಳೂ ಇವೆ, ಅಲ್ಲಿ ವ್ಯವಸ್ಥೆ ಯಾವಾಗಲೂ ಚಾಲೂ ಇರುತ್ತದೆ.

ರಾತ್ರಿ ಮಂದವಾಗುತ್ತಿಲ್ಲ. ಅಥವಾ ಹಗಲಲ್ಲೂ ಕಪ್ಪಾಗಿರುತ್ತದೆ.

ಕನ್ನಡಿಯನ್ನು ಬೈಯುವ ಮುನ್ನ ಸೆನ್ಸರಿಗೆ ಏನು ಕಾಣುತ್ತಿದೆ ಎಂದು ನೋಡಿ. ಹಿಂದಿನ ಗಾಜಿಗೆ ದಟ್ಟ ಫಿಲ್ಮ್, ಮೇಲಕ್ಕೆ ಎದ್ದ ಬಿಸಿಲು ಪರದೆ, ಎತ್ತರಕ್ಕೆ ಪೇರಿಸಿದ ಸಾಮಾನು, ಇವು ಹಿಂದಿನ ಬೆಳಕನ್ನು ತಡೆದರೆ ಕನ್ನಡಿಗೆ ಹೆಡ್‌ಲೈಟ್ ಕಾಣುವುದೇ ಇಲ್ಲ. ವಿಚಿತ್ರವೆಂದರೆ ಹೊರಗನ್ನಡಿಯಲ್ಲಿ ಅದೇ ಹೆಡ್‌ಲೈಟ್ ಕಣ್ಣು ಕುಕ್ಕುತ್ತಲೇ ಇರುತ್ತದೆ, ಏಕೆಂದರೆ ಹೊರಗನ್ನಡಿಗಳು ಸಾಮಾನ್ಯವಾಗಿ ಒಳಗನ್ನಡಿಯ ಸೆನ್ಸರ್ ಹೇಳಿದಂತೆ ಕೇಳುತ್ತವೆ.

ಹಗಲಲ್ಲಿ ಕಪ್ಪಾಗುವುದಕ್ಕೆ ಕಾರಣ ಇದರ ತಿರುವು. ಮುಂದಿನ ಗಾಜಿಗೆ ಅಂಟಿಸಿದ ಟೋಲ್ ಪಟ್ಟಿ, ಡ್ಯಾಶ್‌ಕ್ಯಾಮ್ ಅಥವಾ ತೂಗುಹಾಕಿದ ಅಲಂಕಾರ ಬೆನ್ನಿನ ಸೆನ್ಸರನ್ನು ಮರೆಮಾಡಿದರೆ, ಕನ್ನಡಿ ಹೊರಗೆ ರಾತ್ರಿ ಎಂದುಕೊಳ್ಳುತ್ತದೆ. ಕನ್ನಡಿಗೂ ಮುಂದಿನ ಗಾಜಿಗೂ ನಡುವಿನ ಜಾಗ ಖಾಲಿ ಇರಲಿ.

ಇನ್ನೊಂದು ಕಾರಣ ನಮ್ಮ ಮೊದಲ ವಿಷಯಕ್ಕೇ ಮರಳಿಸುತ್ತದೆ. ಕೆಲವು ಕಾರುಗಳಲ್ಲಿ ಒಳಚಾವಣಿಯ ದೀಪ ಹೊತ್ತಿದ್ದರೆ ಕನ್ನಡಿ ಮಂದವಾಗದಂತೆ ಮಾಡಿದ್ದಾರೆ. ಹಿಂದಿನ ಸೀಟಿನಲ್ಲಿ ಯಾರಾದರೂ ಓದುವ ದೀಪ ಹಾಕಿಕೊಂಡಿದ್ದರೆ ಅದನ್ನೂ ಒಮ್ಮೆ ಆರಿಸಿ ನೋಡಿ. ರಿವರ್ಸ್ ಗೇರಿನಲ್ಲಿ ಮಂದವಾಗದಿರುವುದು ದೋಷವಲ್ಲ, ಹಿಂದೆ ಸರಿಯುವಾಗ ಪೂರ್ತಿ ಕಾಣಬೇಕೆಂದೇ ಹಾಗೆ.

ಒಂದು ಹೊರಗನ್ನಡಿ ಮಾತ್ರ ಮಂದವಾಗುತ್ತದೆ. ಸರಿಯೇ?

ಸರಿಯೇ ಇರಬಹುದು. ಚಾಲಕನ ಬದಿಯ ಕನ್ನಡಿಗೆ ಮಾತ್ರ ಈ ಸೌಲಭ್ಯ ಕೊಡುವ ಮಾದರಿಗಳು ಬಹಳ. ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ.

ಕನ್ನಡಿ ಮಂದವಾಗುವುದನ್ನು ನಿಲ್ಲಿಸಬೇಕಾದ ಸಂದರ್ಭ ಇದೆಯೇ?

ಇದೆ, ಅಪರೂಪಕ್ಕೆ. ಜೋರು ಮಳೆಯ ರಾತ್ರಿಯಲ್ಲಿ ಹಿಂದಿನವರ ಹೆಡ್‌ಲೈಟಿಗೆ ಕನ್ನಡಿ ಕಪ್ಪಾದಾಗ, ದೀಪವಿಲ್ಲದ ಸೈಕಲ್ಲೋ ನಡೆದು ಬರುವವರೋ ಅದರಲ್ಲಿ ಕಾಣದೆ ಹೋಗುತ್ತಾರೆ. ಗುಂಡಿ ಇದ್ದರೆ ಅಂಥ ಕಡೆ ಆರಿಸುತ್ತೇನೆ. ಮಂದವಾದ ಕನ್ನಡಿ ದೂರವನ್ನೂ ತಪ್ಪಾಗಿ ಹೇಳುತ್ತದೆ ಎಂಬುದು ನನ್ನ ಅನುಭವ. ಮಂಕಾದ ಹೆಡ್‌ಲೈಟ್ ಇನ್ನೂ ದೂರದಲ್ಲಿದೆ ಎನ್ನಿಸುತ್ತದೆ. ಪಥ ಬದಲಿಸುವ ಮುನ್ನ ತಲೆ ತಿರುಗಿಸಿ ನೋಡುವ ಅಭ್ಯಾಸ ಬಿಡಬೇಡಿ.

ಕನ್ನಡಿಗಳ ಕೋನವನ್ನು ಹೇಗೆ ಇಡಬೇಕು?

ಒಳಗನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು. ಹೊರಗನ್ನಡಿಗಳಿಗೆ ಹೀಗೆ ಮಾಡಿ: ತಲೆಯನ್ನು ಚಾಲಕನ ಬದಿಯ ಗಾಜಿನ ಬಳಿಗೆ ವಾಲಿಸಿ, ಆ ಕನ್ನಡಿಯಲ್ಲಿ ನಿಮ್ಮ ಕಾರಿನ ಮೈ ಕಂಡೂ ಕಾಣದಷ್ಟು ಆಗುವವರೆಗೆ ಹೊರಕ್ಕೆ ತಿರುಗಿಸಿ. ಆಮೇಲೆ ಎರಡು ಸೀಟುಗಳ ನಡುವಕ್ಕೆ ತಲೆ ತಂದು ಇನ್ನೊಂದು ಕನ್ನಡಿಯನ್ನು ಅದೇ ರೀತಿ ಇಡಿ. ನೇರ ಕುಳಿತಾಗ ಕಾರಿನ ಮೈ ಕಾಣುವುದಿಲ್ಲ, ಮೊದಲೆರಡು ದಿನ ದಾರಿ ತಪ್ಪಿದಂತೆ ಅನ್ನಿಸುತ್ತದೆ. ಪ್ರತಿಫಲವಾಗಿ ಪಕ್ಕದ ಕಾಣದ ಜಾಗ ಬಹಳ ಕಿರಿದಾಗುತ್ತದೆ. ಜೊತೆಗೆ, ನೇರ ಹಿಂದಿರುವ ವಾಹನದ ಹೆಡ್‌ಲೈಟ್ ಹೊರಗನ್ನಡಿಗಳಿಂದ ಕಣ್ಣಿಗೆ ಬೀಳುವುದು ತಪ್ಪುತ್ತದೆ. ಹೊರಗನ್ನಡಿ ಮಂದವಾಗದ ಕಾರಿನಲ್ಲಿ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ರಿವರ್ಸ್ ಹಾಕಿದಾಗ ಪಕ್ಕದ ಕನ್ನಡಿ ಕೆಳಕ್ಕೆ ಬಾಗುತ್ತದೆ. ತಡೆಯುವುದು ಹೇಗೆ?

ರಸ್ತೆಯಂಚು ಕಾಣಲಿ ಎಂದು ಅದು ಬಾಗುತ್ತದೆ. ಎಡ ಅಥವಾ ಬಲ ಕನ್ನಡಿಯನ್ನು ಆಯ್ಕೆ ಮಾಡುವ ಸ್ವಿಚ್ಚಿನ ಸ್ಥಾನ ಬದಲಿಸಿದರೆ ಅಥವಾ ಮೆನುವಿನಲ್ಲಿ ಆಯ್ಕೆ ತೆಗೆದರೆ ನಿಲ್ಲುತ್ತದೆ. ಎಷ್ಟು ಬಾಗಬೇಕೆಂದು ನಾವೇ ಹೊಂದಿಸಿ ಸೀಟಿನ ಮೆಮೊರಿಯಲ್ಲಿ ಉಳಿಸಲೂ ಬರುತ್ತದೆ.

ಕನ್ನಡಿಯಲ್ಲಿ ಗುಳ್ಳೆ, ಕಂದು ಕಲೆ ಕಾಣುತ್ತಿದೆ. ಸ್ವಚ್ಛಗೊಳಿಸಿದರೆ ಹೋಗುವುದೇ?

ಹೋಗುವುದಿಲ್ಲ, ಕಲೆ ಒಳಗಿದೆ. ಅಂಚಿನ ಅಂಟು ಸಡಿಲವಾಗಿ ಗಾಳಿ ಹೊಕ್ಕಿದೆ ಅಥವಾ ಜೆಲ್ ಜರುಗಿದೆ. ದುರಸ್ತಿ ಸಾಧ್ಯವಿಲ್ಲ, ಗಾಜು ಬದಲಿಸಬೇಕು. ಗಾಜು ಒಡೆದು ದ್ರವ ಸೋರುತ್ತಿದ್ದರೆ ಬರಿಗೈಯಿಂದ ಮುಟ್ಟಬೇಡಿ. ಅದು ಚರ್ಮಕ್ಕೂ ಕಣ್ಣಿಗೂ ಉರಿ ತರುತ್ತದೆ. ತಗುಲಿದರೆ ಧಾರಾಳ ನೀರಿನಿಂದ ತೊಳೆಯಿರಿ, ಕಣ್ಣಿಗೆ ಬಿದ್ದಿದ್ದರೆ ತೊಳೆದು ವೈದ್ಯರನ್ನು ಕಾಣಿ. ಕಾರಿನ ಬಣ್ಣದ ಮೇಲೆ ಬಿದ್ದದ್ದನ್ನು ಒದ್ದೆ ಬಟ್ಟೆಯಿಂದ ತಕ್ಷಣ ಒರೆಸಿ.

ಇಂಥ ಕನ್ನಡಿಯ ಮೇಲೆ ಕ್ಲೀನರ್ ನೇರವಾಗಿ ಸಿಂಪಡಿಸಬಾರದು. ದ್ರವ ಅಂಚಿನಿಂದ ಒಳಕ್ಕೆ ಇಳಿಯುತ್ತದೆ. ಬಟ್ಟೆಗೆ ಸಿಂಪಡಿಸಿಕೊಂಡು ಒರೆಸಿ. ಸೆನ್ಸರಿನ ಪುಟ್ಟ ಕಿಂಡಿಯನ್ನೂ ಒಣಬಟ್ಟೆಯಿಂದ ಒರೆಸಲು ನೆನಪಿರಲಿ.

ಕನ್ನಡಿಯ ಜಾಗದಲ್ಲಿ ಕ್ಯಾಮೆರಾ ಪರದೆ ಬಂದಿದೆಯಲ್ಲ, ಅದು ಉತ್ತಮವೇ?

ಹಿಂದಿನ ಸೀಟು ತುಂಬಿದಾಗ ಅದರಷ್ಟು ಉಪಕಾರಿ ಬೇರೊಂದಿಲ್ಲ. ತಲೆಗಳು, ಸಾಮಾನು ಯಾವುದೂ ಅಡ್ಡಬರುವುದಿಲ್ಲ. ಆದರೆ ಕನ್ನಡಿಯಲ್ಲಿ ನೋಡುವಾಗ ಕಣ್ಣು ದೂರಕ್ಕೇ ಕೇಂದ್ರೀಕರಿಸಿರುತ್ತದೆ, ಪರದೆಯಲ್ಲಿ ಕೈಯಳತೆಯ ದೂರಕ್ಕೆ ಬದಲಾಯಿಸಬೇಕು. 45 ದಾಟಿದ ಅನೇಕರಿಗೆ ಅದು ಮಸುಕಾಗಿಯೇ ಕಾಣುತ್ತದೆ. ಹಾಗಾದರೆ ನಾಲಗೆ ತಿರುಗಿಸಿ ಕನ್ನಡಿಗೆ ಮರಳಿ. ಪರದೆಯನ್ನೇ ಬಳಸುವವರು ರಾತ್ರಿಗೆ ಅದರ ಪ್ರಖರತೆಯನ್ನೂ ಇಳಿಸಬೇಕು, ಕಣ್ಣಿನ ಎತ್ತರದಲ್ಲೇ ಇರುವ ದೀಪ ಅದು.

ಎಲ್ಲ ಸರಿಪಡಿಸಿದೆ. ಆದರೂ ರಾತ್ರಿ ಕಣ್ಣು ಕುಕ್ಕುತ್ತದೆ.

ಮುಂದಿನ ಗಾಜಿನ ಒಳಮೈಯನ್ನು ಒರೆಸಿ. ಹೊರಮೈ ಒರೆಸುವವರು ಬಹಳ, ಒಳಮೈ ಒರೆಸುವವರು ಕಡಿಮೆ. ಒಳಗಿನ ಪ್ಲಾಸ್ಟಿಕ್ಕಿನಿಂದ ಏಳುವ ಆವಿ ಗಾಜಿನ ಮೇಲೆ ತೆಳ್ಳನೆಯ ಜಿಡ್ಡಾಗಿ ಕೂರುತ್ತದೆ. ಹಗಲಲ್ಲಿ ಕಾಣದ ಅದು ರಾತ್ರಿ ಪ್ರತಿ ಹೆಡ್‌ಲೈಟಿಗೂ ಒಂದು ಪ್ರಭಾವಳಿ ತೊಡಿಸುತ್ತದೆ. ಕನ್ನಡಕ ಇದ್ದರೆ ಅದನ್ನೂ ಒರೆಸಿ. ಹಳದಿ ಗಾಜಿನ ‘ರಾತ್ರಿ ಕನ್ನಡಕ’ ಕೊಳ್ಳಬೇಡಿ. ಅದು ಕಣ್ಣಿಗೆ ಬರುವ ಒಟ್ಟು ಬೆಳಕನ್ನೇ ಕಡಿಮೆ ಮಾಡುತ್ತದೆ, ಕತ್ತಲಲ್ಲಿ ನಡೆದು ಬರುವವರನ್ನು ಬೇಗ ಕಾಣಲು ನೆರವಾಗುವುದಿಲ್ಲ. ಗಾಜು ಶುಭ್ರವಿದ್ದೂ ದೀಪಗಳ ಸುತ್ತ ಪ್ರಭಾವಳಿ ಅಥವಾ ಗೆರೆಗಳು ಕಂಡರೆ ಕಾರನ್ನು ಬಿಟ್ಟು ಕಣ್ಣಿನ ವೈದ್ಯರ ಬಳಿಗೆ ಹೋಗಿ. ಕಣ್ಣಿನ ಪೊರೆ ಮೊದಲು ಹೇಳಿಕೊಳ್ಳುವುದು ಎಷ್ಟೋ ಸಲ ಹೀಗೆ, ರಾತ್ರಿಯ ರಸ್ತೆಯಲ್ಲಿ.